ಆರು ಮಿಲಿಮೀಟರ್ ವೆಲ್ಡ್: ಫ್ಯಾಬ್ರಿಕೇಶನ್ ಶೆಡ್ಡುಗಳಲ್ಲಿ ದುಡಿಯುವವರಿಗೆ ಒಂದು ಬಹಿರಂಗ ಪತ್ರ

ವೆಲ್ಡರ್, ಫಿಟ್ಟರ್, ಲೇತ್ ಆಪರೇಟರ್ ಗೆಳೆಯರಿಗೆ, ಶೆಡ್ಡಿನ ಮೇಸ್ತ್ರಿಗಳಿಗೆ, ಸೂಪರ್‌ವೈಸರ್‌ಗಳಿಗೆ,



ನೀವು ಪೀಣ್ಯದಲ್ಲಿರಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿರಲಿ, ಬೆಳಗಾವಿಯ ಉದ್ಯಮಬಾಗಿನಲ್ಲಿರಲಿ, ಹೆದ್ದಾರಿ ಬದಿಯ ಬಾಡಿ ಬಿಲ್ಡಿಂಗ್ ಶೆಡ್ಡಿನಲ್ಲಿರಲಿ, ಒಂದು ಮಾತು ನಿಮ್ಮ ಕಿವಿಗೆ ಆಗಾಗ ಬೀಳುತ್ತಲೇ ಇರುತ್ತದೆ: “ಇಲ್ಲೊಂದು ಕ್ಲೀಟ್ ಹೊಡೆದುಬಿಡಪ್ಪ, ಅದಕ್ಕೇನೂ ಲೋಡ್ ಬರಲ್ಲ.” ಕೇಬಲ್ ಟ್ರೇ ಹಿಡಿಸಲು ಒಂದು ಆಂಗಲ್ ತುಂಡು, ಟೂಲ್ ಬಾಕ್ಸಿಗೆ ಒಂದು ಬ್ರಾಕೆಟ್, ಎತ್ತುವುದಕ್ಕೆ ಒಂದು ತಾತ್ಕಾಲಿಕ ಲಗ್, ನೇಮ್ ಪ್ಲೇಟಿಗೆ ಎರಡು ಟ್ಯಾಕ್. ಎರಡು ನಿಮಿಷದ ಕೆಲಸ. ಡ್ರಾಯಿಂಗ್‌ನಲ್ಲಿ ಇರುವುದಿಲ್ಲ, ಬಿಲ್ಲಿನಲ್ಲೂ ಇರುವುದಿಲ್ಲ.

ಕ್ಲೀಟಿಗೆ ಲೋಡ್ ಬರುವುದಿಲ್ಲ, ಒಪ್ಪಿದೆ. ಆದರೆ ಅದನ್ನು ಅಂಟಿಸಿದ ಬೀಮಿಗೆ, ಚಾಸಿಗೆ, ಕ್ರೇನ್ ಗರ್ಡರಿಗೆ ಬರುತ್ತದಲ್ಲ? ಬಿರುಕು ಎಲ್ಲಿ ಹುಟ್ಟಬೇಕು ಎಂಬುದನ್ನು ತೀರ್ಮಾನಿಸುವುದು ಕ್ಲೀಟ್ ಹೊರುವ ಭಾರವಲ್ಲ, ಕ್ಲೀಟ್ ಕೂತ ಜಾಗದಲ್ಲಿ ಮೂಲ ಲೋಹದೊಳಗೆ ಓಡುತ್ತಿರುವ ಎಳೆತ. ಮುರಿದ ಶಾಫ್ಟು, ಸೀಳಿದ ಬೀಮು ಪರೀಕ್ಷೆಗೆ ಬಂದಾಗ ನನ್ನಂಥವರು ಮೊದಲು ಹುಡುಕುವುದು ಬಿರುಕಿನ ಮೂಲವನ್ನು. ಮುರಿದ ಮುಖದ ಮೇಲಿನ ಗೆರೆಗಳ ಜಾಡು ಹಿಡಿದು ಹಿಂದಕ್ಕೆ ಹೋದರೆ ಅವು ಮತ್ತೆ ಮತ್ತೆ ಕರೆದೊಯ್ಯುವುದು ಯಾರೂ ಲೆಕ್ಕ ಹಾಕದ ಜಾಗಕ್ಕೆ: ಗ್ಯಾಸಿನಲ್ಲಿ ಕೊರೆದ ತೂತಿಗೆ, ಕಿತ್ತು ಹಾಕಿದ ಟ್ಯಾಕಿನ ಕಲೆಗೆ, “ಲೋಡ್ ಬರದ” ಬ್ರಾಕೆಟ್ಟಿನ ತುದಿಗೆ.

ಇದರ ಬೆಲೆ ಎಷ್ಟಾಗಬಹುದು ಎಂಬುದಕ್ಕೆ ನಾರ್ವೆಯ ಒಂದು ಘಟನೆಗಿಂತ ಸ್ಪಷ್ಟವಾದ ಪಾಠ ನನಗೆ ಗೊತ್ತಿಲ್ಲ.

1980ರ ಮಾರ್ಚ್ 27ರ ಸಂಜೆ ಉತ್ತರ ಸಮುದ್ರದ ಎಕೊಫಿಸ್ಕ್ ತೈಲಕ್ಷೇತ್ರದಲ್ಲಿ ‘ಅಲೆಕ್ಸಾಂಡರ್ ಎಲ್. ಕೀಲಾಂಡ್’ ಎಂಬ ತೇಲುವ ರಿಗ್ ನಿಂತಿತ್ತು. ಐದು ಕಾಲಿನ ರಿಗ್ ಅದು. ತೈಲ ಕೊರೆಯಲೆಂದು ರೂಪಿಸಿದ್ದನ್ನು ಕೆಲಸಗಾರರ ವಸತಿಗೆ ಬಳಸುತ್ತಿದ್ದರು. ಅವತ್ತು ಅದರ ಮೇಲೆ 212 ಮಂದಿ ಇದ್ದರು. ಗಾಳಿ ಜೋರಾಗಿತ್ತು, ಅಲೆಗಳು ಎತ್ತರವಾಗಿದ್ದವು. ಆದರೆ ಆ ಸಮುದ್ರದಲ್ಲಿ ಅಂಥ ಹವೆ ಹೊಸದಲ್ಲ. ಸಂಜೆ ಆರೂವರೆಯ ಸುಮಾರಿಗೆ ಒಂದು ಕಾಲನ್ನು ಹಿಡಿದಿದ್ದ ಕೊಳವೆಯಾಕಾರದ ಬ್ರೇಸ್ ಸೀಳಿತು. ಅದು ಹೊರುತ್ತಿದ್ದ ಭಾರ ಪಕ್ಕದ ಬ್ರೇಸ್‌ಗಳ ಮೇಲೆ ಬಿತ್ತು. ಅವೂ ಒಂದರ ಹಿಂದೊಂದು ಮುರಿದವು. ಆ ಕಾಲು ಪೂರ್ತಿ ಕಳಚಿಕೊಂಡಿತು. ರಿಗ್ ವಾಲಿತು, ಇಪ್ಪತ್ತು ನಿಮಿಷದ ಆಸುಪಾಸಿನಲ್ಲಿ ಮಗುಚಿತು. 123 ಜನ ಸತ್ತರು.

ಮೊದಲು ಮುರಿದ ಆ ಬ್ರೇಸ್‌ನ ವ್ಯಾಸ 2.6 ಮೀಟರ್, ಪ್ಲೇಟಿನ ದಪ್ಪ 26 ಮಿಲಿಮೀಟರ್. ಅದಕ್ಕೆ ಒಂದು ಹೈಡ್ರೋಫೋನ್, ಅಂದರೆ ನೀರಿನಡಿಯ ಶಬ್ದ ಹಿಡಿಯುವ ಉಪಕರಣ, ಕೂರಿಸಬೇಕಿತ್ತು. ಬ್ರೇಸ್‌ನಲ್ಲಿ ತೂತು ಕೊರೆದು, ಸುಮಾರು 325 ಮಿಲಿಮೀಟರ್ ವ್ಯಾಸದ ಒಂದು ಹಿಡಿಕೆಯನ್ನು ಅದರೊಳಗೆ ತೂರಿಸಿ, ಸುತ್ತಲೂ 6 ಮಿಲಿಮೀಟರಿನ ಫಿಲೆಟ್ ವೆಲ್ಡ್ ಹಾಕಿದರು. ಹಿಡಿಕೆ ಹೊರಬೇಕಿದ್ದ ಭಾರ ಲೆಕ್ಕಕ್ಕಿಲ್ಲದಷ್ಟು. ಬ್ರೇಸ್‌ನ ಮುಖ್ಯ ಜಾಯಿಂಟುಗಳಿಗೆ ಸಿಕ್ಕ ಲೆಕ್ಕಾಚಾರ, ಜಾಗ್ರತೆ, ತಪಾಸಣೆ ಈ ವೆಲ್ಡಿಗೆ ಸಿಗಲಿಲ್ಲ. ಅದು ಉಪಕರಣ ಅಂಟಿಸುವ ಕೆಲಸ, ಅಷ್ಟೇ ಎಂದು ಬಗೆದರು. ದುರಂತದ ನಂತರ ಮುರಿದ ತುಂಡನ್ನು ಪರೀಕ್ಷಿಸಿದಾಗ ಬಿರುಕಿನ ಮೂಲ ಆ ಫಿಲೆಟ್ ವೆಲ್ಡ್‌ನಲ್ಲೇ ಸಿಕ್ಕಿತು. ಅಲ್ಲಿನ ಹಳೆಯ ಬಿರುಕಿನ ಮುಖದ ಮೇಲೆ ಪೇಂಟ್ ಇತ್ತು. ಎಂದರೆ ರಿಗ್ ಸಮುದ್ರಕ್ಕೆ ಇಳಿಯುವ ಮೊದಲೇ, ಫ್ರಾನ್ಸಿನ ಯಾರ್ಡಿನಲ್ಲಿ ಬಣ್ಣ ಬಳಿಯುವಾಗಲೇ, ಆ ವೆಲ್ಡ್ ಸೀಳಿತ್ತು. ನಂತರದ ನಾಲ್ಕು ವರ್ಷಕ್ಕೂ ಕಡಿಮೆ ಅವಧಿಯಲ್ಲಿ ಅಲೆಗಳು ಅದನ್ನು ಇಷ್ಟಿಷ್ಟೇ ಎಳೆಯುತ್ತ ಬ್ರೇಸ್‌ನ ಸುತ್ತಳತೆಯ ಬಹುಭಾಗಕ್ಕೆ ಒಯ್ದವು. ಉಳಿದ ಲೋಹ ಆ ಸಂಜೆ ಒಮ್ಮೆಲೇ ಹರಿಯಿತು.

26 ಮಿಲಿಮೀಟರ್ ದಪ್ಪದ ಉಕ್ಕಿನ ಕೊಳವೆಯನ್ನು ಲೆಕ್ಕಕ್ಕಿಲ್ಲದ ಒಂದು ಹಿಡಿಕೆ ಮುರಿದದ್ದು ಹೇಗೆ? ಇದಕ್ಕೆ ಉತ್ತರ ಸ್ಟ್ರೆಸ್ಸಿನ, ಅಂದರೆ ಪ್ರತಿ ಚದರ ಮಿಲಿಮೀಟರ್ ಲೋಹ ಹೊರುವ ಎಳೆತ ಅಥವಾ ಒತ್ತಿನ, ಐದು ಗುಣಗಳಲ್ಲಿದೆ: ಅದು ಎಲ್ಲಿ ಗುಂಪುಗೂಡುತ್ತದೆ, ಎಷ್ಟು ಏರಿಳಿಯುತ್ತದೆ, ಯಾವ ದಿಕ್ಕಿಗೆ ಎಳೆಯುತ್ತದೆ, ಮೊದಲೇ ಎಷ್ಟು ಒಳಗೆ ಸಿಕ್ಕಿಬಿದ್ದಿದೆ, ಎಷ್ಟು ಕಡೆಯಿಂದ ಏಕಕಾಲಕ್ಕೆ ಬರುತ್ತದೆ. ಈ ಐದರಲ್ಲೂ ನಿಮ್ಮ ಕೈವಾಡವಿದೆ. ಅದಕ್ಕೇ ಇದನ್ನು ನಿಮಗೆ ಬರೆಯುತ್ತಿದ್ದೇನೆ.

ಮೊದಲು ಗುಂಪುಗೂಡುವ ಗುಣ. ನೀವು ದಿನಾ ಕತ್ತರಿಸುವ ಸಾಮಾನ್ಯ ಇ250 ಉಕ್ಕು ಚದರ ಮಿಲಿಮೀಟರಿಗೆ 250 ನ್ಯೂಟನ್‌ವರೆಗೆ, ಅಂದರೆ ಸುಮಾರು 25 ಕಿಲೋ ತೂಕದವರೆಗೆ, ಎಳೆತ ತಡೆದು ಮತ್ತೆ ಮೊದಲಿನ ಅಳತೆಗೆ ಮರಳುತ್ತದೆ. ಅಗಲವಾದ ಪ್ಲೇಟಿನಲ್ಲಿ 90 ನ್ಯೂಟನ್ ಎಳೆತ ಓಡುತ್ತಿದೆ ಎನ್ನಿ. ಮೂರರಲ್ಲೊಂದು ಪಾಲಿನ ಹತ್ತಿರ, ಚಿಂತೆಯಿಲ್ಲ. ಆ ಪ್ಲೇಟಿಗೆ ಒಂದು ದುಂಡನೆಯ ತೂತು ಹಾಕಿದರೆ ತೂತಿನ ಎರಡು ಪಕ್ಕಗಳಲ್ಲಿ ಸ್ಟ್ರೆಸ್ ಮೂರು ಪಟ್ಟಾಗುತ್ತದೆ. 270 ಆಯಿತು, ಮಿತಿ ದಾಟಿತು. ಜರ್ಮನಿಯ ಕಿರ್ಷ್ 1898ರಲ್ಲೇ ಇದನ್ನು ಲೆಕ್ಕ ಹಾಕಿ ತೋರಿಸಿದ. ತೂತು ಚಿಕ್ಕದಿದ್ದರೂ ದೊಡ್ಡದಿದ್ದರೂ ಆ ಮೂರು ಪಟ್ಟು ಬದಲಾಗುವುದಿಲ್ಲ. ದುಂಡಗಿರದೆ ಎಳೆತಕ್ಕೆ ಅಡ್ಡಲಾಗಿ ಚಪ್ಪಟೆಯಾಗಿದ್ದರೆ ಇನ್ನೂ ಏರುತ್ತದೆ ಎಂದು 1913ರಲ್ಲಿ ಇಂಗ್ಲಿಸ್ ಲೆಕ್ಕ ಕೊಟ್ಟ. ಎಳೆತಕ್ಕೆ ಅಡ್ಡಲಾದ ಅಳತೆ ಎಳೆತದ ದಿಕ್ಕಿನ ಅಳತೆಯ ನಾಲ್ಕು ಪಟ್ಟಿರುವ ಅಂಡಾಕಾರದ ತೂತಿನ ತುದಿಯಲ್ಲಿ ಅದು ಒಂಬತ್ತು ಪಟ್ಟು. ತುದಿ ಚೂಪಾದಷ್ಟೂ ಪೆಟ್ಟು ಜೋರು. ಗ್ಯಾಸ್ ಕಟ್ಟರ್ ಬಿಟ್ಟುಹೋದ ಹಲ್ಲು, ಡ್ರಿಲ್ ಬಿಟ್ಟುಹೋದ ಬರ್, ವೆಲ್ಡಿನ ಅಂಚಿನಲ್ಲಿ ಉಳಿದ ಅಂಡರ್‌ಕಟ್ ಎಲ್ಲವೂ ಇಂಥ ಚೂಪು ತುದಿಗಳೇ.

ಹಾಗಿದ್ದರೆ ತೂತು ಹಾಕಿದ ಕೂಡಲೇ ಪ್ಲೇಟು ಯಾಕೆ ಹರಿಯುವುದಿಲ್ಲ? ಮೆದು ಉಕ್ಕಿನ ಒಳ್ಳೆಯತನ ಅದು. ತೂತಿನ ಬದಿಯ ಒಂದಿಷ್ಟು ಲೋಹ ಸ್ವಲ್ಪ ಸೋತು ಹಿಗ್ಗಿ, ಭಾರವನ್ನು ಅಕ್ಕಪಕ್ಕಕ್ಕೆ ಹಂಚುತ್ತದೆ. ಒಮ್ಮೆ ಭಾರ ಹಾಕಿ ಇಳಿಸುವುದಾದರೆ ಕತೆ ಅಲ್ಲಿಗೆ ಮುಗಿಯಿತು. ಸುಮ್ಮನೆ ನಿಂತ ಕಟ್ಟಡದ ಕಂಬದಲ್ಲಿ ಎಷ್ಟೋ ತೂತುಗಳು ತೊಂದರೆ ಕೊಡದೆ ಇರುವುದು ಇದರಿಂದಲೇ. ಆದರೆ ಭಾರ ಬಂದು ಹೋಗಿ, ಬಂದು ಹೋಗಿ ಮಾಡುವ ಕಡೆ ಇದೇ ಒಳ್ಳೆಯತನ ತಿರುಗಿಬೀಳುತ್ತದೆ. ಕಟ್ಟರ್ ಕೈಗೆ ಸಿಗದಾಗ ಬೈಂಡಿಂಗ್ ವೈರನ್ನು ಹಿಂದೆ ಮುಂದೆ ಬಗ್ಗಿಸಿ ತುಂಡು ಮಾಡುತ್ತೀರಲ್ಲ, ತೂತಿನ ಬದಿಯ ಕೂದಲೆಳೆಯಷ್ಟು ಲೋಹದಲ್ಲಿ ಅದೇ ನಡೆಯುತ್ತಿರುತ್ತದೆ. ಹೊರಗಿನಿಂದ ನೋಡಿದರೆ ಬೀಮು ಬಗ್ಗಿದಂತೆ ಕಾಣುವುದೇ ಇಲ್ಲ.

ಈ ಏರಿಳಿತವೇ ಎರಡನೆಯ ಗುಣ. ಅದನ್ನು ಮೊದಲು ವ್ಯವಸ್ಥಿತವಾಗಿ ಅಳೆದವನು ಪ್ರಷ್ಯಾದ ರೈಲ್ವೆಯ ಎಂಜಿನಿಯರ್ ಆಗಸ್ಟ್ ವೋಲರ್. ಆಗ ರೈಲಿನ ಆಕ್ಸಲ್‌ಗಳು ಕಾರಣ ತಿಳಿಯದೆ ಮುರಿಯುತ್ತಿದ್ದವು. 1850, 60ರ ದಶಕಗಳಲ್ಲಿ ಆತ ಅವನ್ನು ಯಂತ್ರಕ್ಕೆ ಕಟ್ಟಿ ಲಕ್ಷಾಂತರ ಸುತ್ತು ತಿರುಗಿಸಿ ಕಂಡುಕೊಂಡದ್ದಿಷ್ಟು: ಒಂದೇ ಸಲಕ್ಕೆ ಮುರಿಯಲು ಬೇಕಾದುದಕ್ಕಿಂತ ಎಷ್ಟೋ ಕಡಿಮೆ ಭಾರ ಸಾಕು, ಅದು ಸಾಕಷ್ಟು ಸಲ ಬರಬೇಕಷ್ಟೆ, ಮತ್ತು ಗರಿಷ್ಠ ಭಾರಕ್ಕಿಂತ ಮುಖ್ಯ, ಏರಿಳಿತದ ಅಂತರ. ಆ ಅಂತರ ಲೋಹದೊಳಗೆ ಏನು ಮಾಡುತ್ತದೆ ಎಂಬುದನ್ನು 1903ರಲ್ಲಿ ಯುಯಿಂಗ್ ಮತ್ತು ಹಂಫ್ರಿ ಸೂಕ್ಷ್ಮದರ್ಶಕದಡಿ ನೋಡಿದರು. ನುಣ್ಣಗೆ ಪಾಲಿಶ್ ಮಾಡಿದ ಕಬ್ಬಿಣದ ಹರಳುಗಳಲ್ಲಿ ಮೊದಲು ಸಣ್ಣ ಜಾರುಗೆರೆಗಳು ಮೂಡಿದವು. ಸುತ್ತು ಹೆಚ್ಚಿದಂತೆ ಅವು ದಟ್ಟವಾಗಿ ಅಗಲವಾದವು. ಕೊನೆಗೆ ಅವೇ ಬಿರುಕುಗಳಾದವು. ಲೋಹದ ಪದರಗಳು ಒಂದರ ಮೇಲೊಂದು ಹಿಂದೆ ಮುಂದೆ ಜಾರುತ್ತ ಮೇಲ್ಮೈಯಲ್ಲಿ ಸಣ್ಣ ದಿಬ್ಬ, ಸಣ್ಣ ಕೊರಕಲು ಎಬ್ಬಿಸುತ್ತವೆ. ಆ ಕೊರಕಲೇ ಬಿರುಕಿನ ಹುಟ್ಟು. ಬಗ್ಗುವ ಬೀಮಿನಲ್ಲಾಗಲಿ ತಿರುಚುವ ಶಾಫ್ಟಿನಲ್ಲಾಗಲಿ ಸ್ಟ್ರೆಸ್ ಅತಿ ಹೆಚ್ಚಿರುವುದು ಮೇಲ್ಮೈಯಲ್ಲೇ. ಹೀಗಾಗಿ ಮೇಲ್ಮೈಗೆ ನೀವು ಮಾಡುವ ಪ್ರತಿಯೊಂದು ಗಾಯಕ್ಕೂ ಲೆಕ್ಕವಿದೆ.

ಈಗ ಕೀಲಾಂಡ್ ರಿಗ್ಗಿನ ಅಲೆಗಳನ್ನು ಎಣಿಸಿ ನೋಡಿ. ಹತ್ತು ಸೆಕೆಂಡಿಗೆ ಒಂದು ಅಲೆ ಎಂದು ಹಿಡಿದರೂ ವರ್ಷಕ್ಕೆ ಮೂವತ್ತು ಲಕ್ಷದ ಮೇಲಾಯಿತು. ಶೆಡ್ಡಿನ ಭಾಷೆಯಲ್ಲಿ ಹೇಳುವುದಾದರೆ, ಹಳ್ಳಕೊಳ್ಳದ ರಸ್ತೆಯಲ್ಲಿ ಟಿಪ್ಪರ್ ಚಾಸಿ ಎಣಿಸುವ ಕುಲುಕಾಟ, ದಿನವಿಡೀ ಎತ್ತಿ ಇಳಿಸುವ ಕ್ರೇನಿನ ಗರ್ಡರ್ ಎಣಿಸುವ ಲಿಫ್ಟುಗಳು ಆ ಅಲೆಗಳ ಜಾತಿಯವೇ.

ವೆಲ್ಡಿನ ವಿಷಯದಲ್ಲಿ ಇನ್ನೊಂದು ಕಹಿ ಸತ್ಯವಿದೆ. ನುಣುಪಾದ ಶಾಫ್ಟಿನಲ್ಲಿ ಬಿರುಕು ಹುಟ್ಟುವುದಕ್ಕೇ ಆಯುಷ್ಯದ ದೊಡ್ಡ ಪಾಲು ಹಿಡಿಯುತ್ತದೆ. ಲೋಹ ನಮಗೆ ಕೊಡುವ ಕಾಲಾವಕಾಶ ಅದು. ವೆಲ್ಡಿನ ಅಂಚು ಆ ಅವಕಾಶವನ್ನು ಮೊದಲೇ ಖರ್ಚು ಮಾಡಿಬಿಟ್ಟಿರುತ್ತದೆ. ಕರಗಿದ ಲೋಹ ಮೂಲ ಪ್ಲೇಟನ್ನು ಸೇರುವ ಗೆರೆಯಲ್ಲಿ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟೋ ಇನ್ನೂ ಹೆಚ್ಚೋ ಆಳದ ಸ್ಲ್ಯಾಗ್ ಸೀಳುಗಳು ಉಳಿಯುತ್ತವೆ. ಒಳ್ಳೆಯ ವೆಲ್ಡರ್ ಕೈಯಲ್ಲೂ ಉಳಿಯುತ್ತವೆ, ಬರಿಗಣ್ಣಿಗೆ ಕಾಣುವುದಿಲ್ಲ. ಬಿರುಕು ಅಲ್ಲಿ ಹೊಸದಾಗಿ ಹುಟ್ಟಬೇಕಿಲ್ಲ, ಬೆಳೆದರೆ ಸಾಕು.

ಇದರಿಂದ ಎರಡು ಮಾತು ಹೊರಡುತ್ತವೆ. ಒಂದು, “ಹೈ ಟೆನ್ಸೈಲ್ ಪ್ಲೇಟ್ ಹಾಕಿದ್ದೀವಿ, ಏನಾಗಲ್ಲ” ಎಂಬ ಧೈರ್ಯ ಇಲ್ಲಿ ನಡೆಯುವುದಿಲ್ಲ. ವೆಲ್ಡ್ ಮಾಡಿದ ಹಾಗೇ ಬಿಟ್ಟ ಜಾಯಿಂಟಿನ ದಣಿವಿನ ಶಕ್ತಿ, ಅಂದರೆ ಏರಿಳಿಯುವ ಭಾರವನ್ನು ಮತ್ತೆ ಮತ್ತೆ ತಾಳುವ ಶಕ್ತಿ, ಪ್ಲೇಟಿನ ಗ್ರೇಡ್ ಏರಿಸಿದರೆ ಏರುವುದಿಲ್ಲ. ನಮ್ಮ ಉಕ್ಕಿನ ಕಟ್ಟಡಗಳ ಸಂಹಿತೆ ಐಎಸ್ 800:2007ರ 13ನೇ ಸೆಕ್ಷನ್ ದಣಿವಿಗಾಗಿಯೇ ಇದೆ. ಅಲ್ಲಿ ಲೆಕ್ಕ ನಡೆಯುವುದು ಜಾಯಿಂಟಿನ ಆಕಾರದ ಮೇಲೆ. ಎರಡನೆಯದು, ಆಯುಷ್ಯ ಮತ್ತು ಏರಿಳಿತಕ್ಕೆ ಘನದ ಸಂಬಂಧ. ಏರಿಳಿತವನ್ನು ಅರ್ಧ ಮಾಡಿದರೆ ಆಯುಷ್ಯ ಎಂಟು ಪಟ್ಟಾಗುತ್ತದೆ. ಕಾಲು ಪಾಲು ಹೆಚ್ಚಿಸಿದರೆ ಹತ್ತಿರಹತ್ತಿರ ಅರ್ಧಕ್ಕೆ ಇಳಿಯುತ್ತದೆ. ನೂರು ಹೊರಬೇಕಾದಲ್ಲಿ ನೂರಿಪ್ಪತ್ತೈದು ಹೇರುವ ಮಾಲೀಕರಿಗೆ ಈ ಲೆಕ್ಕ ನೀವೇ ತಿಳಿಸಬಹುದು.

ಮೂರನೆಯದು ದಿಕ್ಕು. ಬಿರುಕು ಬೆಳೆಯುವುದು ಎಳೆತಕ್ಕೆ ಅಡ್ಡಲಾಗಿ. ಬೀಮಿನ ಮಧ್ಯದಲ್ಲಿ ಭಾರ ತೂಗಿದರೆ ಕೆಳಗಿನ ಫ್ಲೇಂಜ್ ಉದ್ದುದ್ದಕ್ಕೆ ಎಳೆತದಲ್ಲಿರುತ್ತದೆ. ಅದರ ಮೇಲೆ ಅಡ್ಡಲಾಗಿ ಹಾಕಿದ ವೆಲ್ಡಿನ ಅಂಚು ಬಿರುಕಿಗೆ ಗೆರೆ ಹಾಕಿಕೊಟ್ಟಂತೆ. ಉದ್ದಕ್ಕೆ ಹಾಕಿದರೆ ತೊಂದರೆಯಿಲ್ಲ ಎಂದುಕೊಳ್ಳಬೇಡಿ. ಉದ್ದದ ಬ್ರಾಕೆಟ್ಟಿನ ಎರಡು ತುದಿಗಳಲ್ಲಿ ಸ್ಟ್ರೆಸ್ ಬಂದು ಗುಂಪುಗೂಡುತ್ತದೆ, ಬ್ರಾಕೆಟ್ ಉದ್ದವಾದಷ್ಟೂ ತುದಿ ಕೆಡುತ್ತದೆ. ಫ್ಲೇಂಜಿನ ಬದಿಯ ಅಂಚಿಗೆ ಅಂಟಿಸಿದರೆ ಇನ್ನೂ ಕೆಟ್ಟದ್ದು. ವೆಬ್‌ನ ನಡು ಎತ್ತರದಲ್ಲಿ ಬಗ್ಗುವಿಕೆಯ ಎಳೆತ ತೀರ ಕಡಿಮೆ. ಲಾರಿ ಕಂಪನಿಗಳು ಬಾಡಿ ಕಟ್ಟುವವರಿಗೆ ಕೊಡುವ ಕೈಪಿಡಿಗಳಲ್ಲಿ ಚಾಸಿಯ ಫ್ಲೇಂಜಿಗೆ ಡ್ರಿಲ್ ಹಾಕಬೇಡಿ, ವೆಲ್ಡ್ ಮಾಡಬೇಡಿ ಎಂದು ಬರೆದಿರುವುದು ಈ ಕಾರಣಕ್ಕೆ.

ನಾಲ್ಕನೆಯದು ಒಳಗೆ ಸಿಕ್ಕಿಬಿದ್ದ ಸ್ಟ್ರೆಸ್. ವೆಲ್ಡ್ ಆರುವಾಗ ಕುಗ್ಗಬೇಕೆನ್ನುತ್ತದೆ, ಸುತ್ತಲಿನ ತಣ್ಣನೆಯ ಪ್ಲೇಟ್ ಬಿಡುವುದಿಲ್ಲ. ಈ ಜಗ್ಗಾಟದಲ್ಲಿ ವೆಲ್ಡಿನ ಹತ್ತಿರದ ಲೋಹ ಯಾವ ಭಾರವೂ ಇಲ್ಲದೆ ತನ್ನ ಮಿತಿಯ ಹತ್ತಿರದ ಎಳೆತದಲ್ಲಿ ಬಿಗಿದು ನಿಂತುಬಿಡುತ್ತದೆ. ಪ್ಲೇಟ್ ಸೊಟ್ಟಗಾಗುವುದನ್ನು ನೀವು ಕಂಡಿದ್ದೀರಿ. ಸೊಟ್ಟಗಾಗಲು ಬಿಡದೆ ಕ್ಲ್ಯಾಂಪ್ ಹಾಕಿ ಹಿಡಿದರೆ ಆ ಬಿಗಿತ ಒಳಗೇ ಇನ್ನೂ ಹೆಚ್ಚಾಗಿ ಉಳಿಯುತ್ತದೆ. “ಇದು ಒತ್ತುವ ಕಡೆ ಇದೆ, ಇಲ್ಲಿ ಬಿರುಕು ಬರಲ್ಲ” ಎಂಬ ಮಾತು ವೆಲ್ಡಿನ ಮುಂದೆ ಸೋಲುವುದು ಈ ಕಾರಣಕ್ಕೆ. ಹೊರಗಿನ ಭಾರ ಒತ್ತುತ್ತಿದ್ದರೂ ಆ ಜಾಗದ ಲೋಹ ದೊಡ್ಡ ಎಳೆತದಿಂದ ಸಣ್ಣ ಎಳೆತಕ್ಕೆ ಇಳಿದು ಏರುತ್ತಿರುತ್ತದೆ. ಬಿರುಕಿಗೆ ಬೇಕಾದ ಏರಿಳಿತ ಸಿಕ್ಕೇ ಸಿಗುತ್ತದೆ.

ಇದೇ ಸಿಕ್ಕಿಬಿದ್ದ ಸ್ಟ್ರೆಸ್ ತಿರುಗುಮುರುಗಾಗಿ ನಮ್ಮ ಕಡೆಯೂ ನಿಲ್ಲಬಲ್ಲದು. ಲಾರಿಯ ಸ್ಪ್ರಿಂಗ್ ಪಟ್ಟಿಗೆ ಉಕ್ಕಿನ ಗುಂಡುಗಳನ್ನು ಹೊಡೆಯುವ ಶಾಟ್ ಪೀನಿಂಗ್ ಮಾಡುವುದು ಮೇಲ್ಮೈಯನ್ನು ಒತ್ತಿನಲ್ಲಿ ಇಡುವುದಕ್ಕೆ. ಎಳೆತ ಬಂದಾಗ ಮೊದಲು ಆ ಒತ್ತನ್ನು ತೀರಿಸಬೇಕಲ್ಲ! ಆದರೆ ಈ ಉಪಕಾರ ಗೊತ್ತಿಲ್ಲದೆ ಬಂದರೆ ದಾರಿ ತಪ್ಪಿಸುತ್ತದೆ. ಬ್ರಿಟನ್ನಿನ ಕಾಮೆಟ್ ಜೆಟ್ ವಿಮಾನಗಳ ಕತೆ ಅದು. 1954ರ ಜನವರಿ 10ರಂದು ಇಟಲಿಯ ಎಲ್ಬಾ ದ್ವೀಪದ ಬಳಿ ಒಂದು ಕಾಮೆಟ್ ಆಕಾಶದಲ್ಲೇ ಒಡೆದು 35 ಜನ ಸತ್ತರು. ಏಪ್ರಿಲ್ 8ರಂದು ನೇಪಲ್ಸ್ ಬಳಿ ಇನ್ನೊಂದು ಒಡೆದು 21 ಜನ ಸತ್ತರು. ಮೊದಲನೆಯದು ಸುಮಾರು 1,290 ಹಾರಾಟ ಮಾಡಿತ್ತು, ಎರಡನೆಯದು ಸುಮಾರು 900. ಪ್ರತಿ ಹಾರಾಟದಲ್ಲೂ ಕ್ಯಾಬಿನ್ ಗಾಳಿಯ ಒತ್ತಡಕ್ಕೆ ಒಮ್ಮೆ ಉಬ್ಬಿ ಇಳಿಯುತ್ತದೆ. ಕಿಟಕಿಗಳಿಗಾಗಿ ಕೊರೆದ ಚೌಕದ ಮೂಲೆಯಲ್ಲಿ, ರಿವೆಟ್ ತೂತುಗಳ ಬಳಿ, ಬಿರುಕು ಹುಟ್ಟಿತ್ತು. ವಿಚಿತ್ರವೆಂದರೆ ತಯಾರಕರು ಪರೀಕ್ಷೆಗೆ ಇಟ್ಟಿದ್ದ ಕ್ಯಾಬಿನ್ ಭಾಗ ಇಂಥ ಉಬ್ಬಿಳಿತಗಳನ್ನು 16 ಸಾವಿರ ಸಲ ತಾಳಿಕೊಂಡಿತ್ತು. ಯಾಕೆ? ಆ ಭಾಗಕ್ಕೆ ಮೊದಲು ಶಕ್ತಿಪರೀಕ್ಷೆಗೆಂದು ಸುಮಾರು ಎರಡು ಪಟ್ಟು ಒತ್ತಡ ಹಾಕಿದ್ದರು. ಆಗ ಮೂಲೆಗಳ ಲೋಹ ಹಿಗ್ಗಿ, ಒತ್ತಡ ಇಳಿದಾಗ ಒತ್ತಿನಲ್ಲಿ ಸಿಕ್ಕಿಕೊಂಡಿತು. ಮುಂದಿನ ಏರಿಳಿತದ ಪೆಟ್ಟು ಅಷ್ಟರಮಟ್ಟಿಗೆ ತಗ್ಗಿತು. ಹಾರುತ್ತಿದ್ದ ವಿಮಾನಗಳು ಅಷ್ಟು ಒತ್ತಡ ಕಂಡಿರಲಿಲ್ಲ, ಅವುಗಳಿಗೆ ಆ ರಕ್ಷಣೆಯೂ ಇರಲಿಲ್ಲ.

ಹಾಗಾಗಿ “ಡಬಲ್ ಲೋಡ್ ಹಾಕಿ ಟೆಸ್ಟ್ ಮಾಡಿದ್ದೀವಿ ಸಾರ್” ಎನ್ನುವಾಗ ಆ ಟೆಸ್ಟ್ ಯಾವ ಪ್ರಶ್ನೆಗೆ ಉತ್ತರ ಕೊಟ್ಟಿತು ಎಂಬುದು ನೆನಪಿರಲಿ. ಇವತ್ತು ಮುರಿಯುತ್ತದೆಯೇ ಎಂಬುದಕ್ಕೆ ಉತ್ತರ ಸಿಕ್ಕಿತು. ಐದು ವರ್ಷದ ಕುಲುಕಾಟಕ್ಕೆ ಎಲ್ಲಿ ಬಿರುಕು ಹುಟ್ಟುತ್ತದೆ ಎಂಬ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ.

ಐದನೆಯದು ಹಲವು ಕಡೆಯಿಂದ ಏಕಕಾಲಕ್ಕೆ ಬರುವ ಎಳೆತ. ಅದು ಸೀಳುವುದಕ್ಕೆ ಕುಲುಕಾಟವೂ ಬೇಕಿಲ್ಲ. 2000ದ ಡಿಸೆಂಬರ್ 13ರ ಚಳಿಯ ಬೆಳಗ್ಗೆ ಅಮೆರಿಕದ ಮಿಲ್ವಾಕಿಯ ಹೋನ್ ಸೇತುವೆ ಜಗ್ಗಿ ನಿಂತಿತು. ಒಂದು ಸ್ಪ್ಯಾನಿನ ಮೂರು ಗರ್ಡರ್‌ಗಳಲ್ಲಿ ಎರಡು ಹೆಚ್ಚುಕಡಿಮೆ ಪೂರ್ಣ ಎತ್ತರಕ್ಕೆ ಸೀಳಿದ್ದವು, ಮೂರನೆಯದಕ್ಕೂ ಬಿರುಕು ಬಿದ್ದಿತ್ತು. ಸೇತುವೆ ಬೀಳಲಿಲ್ಲ ಎಂಬುದೇ ಪುಣ್ಯ. ಪರೀಕ್ಷಿಸಿದರೆ ದಣಿವಿನ ಗೆರೆಗಳು ಅಲ್ಲಿ ಕಾಣಲಿಲ್ಲ. ಮೂಲ ಸಿಕ್ಕಿದ್ದು ವೆಬ್, ನಿಲುವು ಸ್ಟಿಫ್ನರ್, ಅಡ್ಡ ಗಸೆಟ್ ಮೂರರ ವೆಲ್ಡುಗಳು ಒತ್ತೊತ್ತಾಗಿ ಒಂದೇ ಬಿಂದುವಿನಲ್ಲಿ ಕೂಡಿದ ಕಡೆ. ಉಕ್ಕು ಒಂದು ದಿಕ್ಕಿಗೆ ಹಿಗ್ಗಬೇಕಾದರೆ ಉಳಿದೆರಡು ದಿಕ್ಕುಗಳಲ್ಲಿ ಸೊರಗಬೇಕು. ಮೂರೂ ಕಡೆಯಿಂದ ಎಳೆದು ಹಿಡಿದರೆ ಹಿಗ್ಗಲು ದಾರಿಯೇ ಇರುವುದಿಲ್ಲ. ಆಗ ಮೆದು ಉಕ್ಕೂ ಎಚ್ಚರಿಕೆ ಕೊಡದೆ ಪಟ್ಟನೆ ಸೀಳುತ್ತದೆ. ಸ್ಟಿಫ್ನರ್ ಮೂಲೆಯಲ್ಲಿ ಕಚ್ಚು ತೆಗೆದು ವೆಲ್ಡುಗಳನ್ನು ಬೇರೆ ಬೇರೆ ಇಡಿ ಎಂದು ಡ್ರಾಯಿಂಗ್ ಹೇಳಿದರೆ ಅದು ಅಂದಕ್ಕಲ್ಲ. “ಗಟ್ಟಿಯಾಗಿರಲಿ” ಎಂದು ಆ ಕಚ್ಚನ್ನು ವೆಲ್ಡಿನಿಂದ ತುಂಬಬೇಡಿ.

ಲೇತ್ ಗೆಳೆಯರಿಗೆ ಒಂದು ಮಾತು. 1842ರ ಮೇ 8ರಂದು ವರ್ಸೈಲ್ಸಿನಿಂದ ಪ್ಯಾರಿಸ್ಸಿಗೆ ಹೊರಟ ರೈಲಿನ ಎಂಜಿನ್ ಆಕ್ಸಲ್ ಮುರಿದು ಐವತ್ತಕ್ಕೂ ಹೆಚ್ಚು ಜನ ಸತ್ತರು. ಅದರ ಮರುವರ್ಷವೇ ಸ್ಕಾಟ್ಲೆಂಡಿನ ರ‍್ಯಾಂಕಿನ್, ಆಕ್ಸಲ್‌ಗಳು ಮೆಟ್ಟಿಲಿನಂತೆ ಸಣ್ಣಗಾಗುವ ಚೂಪು ಮೂಲೆಯಿಂದ ಒಳಗೊಳಗೇ ಸೀಳುತ್ತವೆ, ಅಲ್ಲಿ ದುಂಡನೆಯ ತಿರುವು ಕೊಡಿ ಎಂದು ಬರೆದ. ಡ್ರಾಯಿಂಗ್‌ನಲ್ಲಿ ಆರ್ 3 ಎಂದಿದ್ದಲ್ಲಿ ಟೂಲ್ ಬದಲಿಸುವ ಬೇಸರಕ್ಕೆ ಚೂಪು ಮೂಲೆ ಬಿಟ್ಟರೆ ಶಾಫ್ಟು ಅಳತೆಗೆ ಸರಿ ಇರುತ್ತದೆ, ಆಯುಷ್ಯಕ್ಕಲ್ಲ.

ಈಗ ನಿಮ್ಮಲ್ಲಿ ಕೇಳಿಕೊಳ್ಳುವುದು.

ಆರ್ಕ್ ಹಚ್ಚುವ ಮೊದಲು ಎರಡು ಪ್ರಶ್ನೆ ಕೇಳಿ: ಈ ಭಾಗದಲ್ಲಿ ಭಾರ ಏರಿಳಿಯುತ್ತದೆಯೇ? ಏರಿಳಿದರೆ ಎಳೆತ ಯಾವ ಕಡೆ, ಯಾವ ದಿಕ್ಕಿಗೆ? ಮೊದಲನೆಯದಕ್ಕೆ ಉತ್ತರ ‘ಇಲ್ಲ’ ಎಂದು ಖಚಿತವಾದರೆ, ಮೂರು ಕಡೆಯ ವೆಲ್ಡುಗಳು ಒಂದೇ ಬಿಂದುವಿನಲ್ಲಿ ಸೇರದಿದ್ದರೆ, ಧೈರ್ಯವಾಗಿ ಹೊಡೆಯಿರಿ; ಪ್ರತಿಯೊಂದು ಕ್ಲೀಟಿಗೂ ಹೆದರಬೇಕಿಲ್ಲ. ‘ಹೌದು’ ಎಂದಾದರೆ ವೆಲ್ಡ್ ಇಲ್ಲದೆ ಕೆಲಸ ಆಗುತ್ತದೆಯೇ ನೋಡಿ. ಕ್ಲ್ಯಾಂಪ್ ಸಾಕೆ, ಪಟ್ಟಿ ಸಾಕೆ, ವೆಬ್‌ನ ನಡುವೆ ಡ್ರಿಲ್ ಮಾಡಿ ಬರ್ ತೆಗೆದ ಬೋಲ್ಟು ಸಾಕೆ? ಗ್ಯಾಸಿನಲ್ಲಿ ತೂತು ಮಾತ್ರ ಬೇಡ.

ವೆಲ್ಡ್ ಮಾಡಲೇಬೇಕಾದರೆ ಫ್ಲೇಂಜಿನ ಅಂಚಿನಿಂದ ದೂರವಿರಿ. ಬೇಕಾದಷ್ಟೇ ದಪ್ಪ ಹಾಕಿ. ಉಬ್ಬಿದ ವೆಲ್ಡ್ ಬಲವಾಗಿ ಕಂಡರೂ ಅದರ ಅಂಚಿನ ಕೋನ ಕಡಿದಾಗಿ ಸ್ಟ್ರೆಸ್ ಹೆಚ್ಚುತ್ತದೆ. ಎಲ್ಲೆಂದರಲ್ಲಿ ರಾಡ್ ತಾಗಿಸಿ ಆರ್ಕ್ ಹಚ್ಚಬೇಡಿ, ಆ ಚುಕ್ಕೆಯೂ ಒಂದು ಗಾಯವೇ. ಎಂಜಿನಿಯರ್ ಹೇಳಿದ ಕಡೆ ಅಂಚನ್ನು ಸಣ್ಣ ತಲೆಯ ಗ್ರೈಂಡರ್‌ನಿಂದ ನುಣ್ಣಗೆ ಮಾಡಿ, ಸ್ಲ್ಯಾಗ್ ಸೀಳು ತೆಗೆಯುವಷ್ಟು ಮಾತ್ರ. ಉಜ್ಜಿದ ಗೆರೆಗಳು ಎಳೆತದ ದಿಕ್ಕಿನಲ್ಲೇ ಇರಲಿ. ಅಡ್ಡ ಗೆರೆ ಉಳಿದರೆ ಒಂದು ಕೊರಕಲು ತೆಗೆದು ಇನ್ನೊಂದು ಮಾಡಿದಂತಾಯಿತು.

ತಾತ್ಕಾಲಿಕ ಲಗ್‌ಗಳನ್ನು ಸುತ್ತಿಗೆಯಲ್ಲಿ ಬಡಿದು ಕೀಳಬೇಡಿ. ಮೂಲ ಪ್ಲೇಟಿನಿಂದ ಸ್ವಲ್ಪ ಮೇಲೆ ಕತ್ತರಿಸಿ, ಉಳಿದದ್ದನ್ನು ಉಜ್ಜಿ ಸಮ ಮಾಡಿ, ಡಿಪಿ (ಡೈ ಪೆನೆಟ್ರೆಂಟ್) ಟೆಸ್ಟ್ ಮಾಡಿ ನೋಡಿ. ಬಿರುಕು ಕಂಡರೆ ಅದರ ಮೇಲೆ ಒಂದು ರನ್ ಎಳೆದು ಪೇಂಟ್ ಬಳಿದು ಕಳುಹಿಸಬೇಡಿ. ಒಳಗೆ ಬಿರುಕು ಹಾಗೇ ಇರುತ್ತದೆ, ಮೇಲೆ ಹೊಸ ಬಿಗಿತ ಸೇರಿರುತ್ತದೆ. ಡಿಪಿಯಲ್ಲಿ ತುದಿ ಗುರುತಿಸಿ, ಪೂರ್ತಿ ಕೊರೆದು ತೆಗೆದು, ಹುಟ್ಟಿದ್ದೇಕೆ ಎಂದು ಎಂಜಿನಿಯರನ್ನು ಕೇಳಿದ ಮೇಲೆ ತುಂಬಿ. ತುದಿಯಲ್ಲಿ ಕೊರೆಯುವ ಸ್ಟಾಪ್ ಹೋಲ್ ಬಿರುಕನ್ನು ಒಂದಿಷ್ಟು ಕಾಲ ತಡೆಯುತ್ತದೆ, ವಾಸಿ ಮಾಡುವುದಿಲ್ಲ.

ಎಂಜಿನಿಯರ್‌ಗಳೇ, ಮಾಲೀಕರೇ, ಈ ಪತ್ರ ನಿಮ್ಮ ಕೈಗೂ ಬೀಳಲಿ ಎಂಬ ಆಸೆ ನನ್ನದು. ಕೀಲಾಂಡ್ ರಿಗ್ಗಿನ ಆ ವೆಲ್ಡ್ ಹಾಕಿದ ಕೈಯನ್ನು ದೂರುವುದು ಸುಲಭ. ಆದರೆ ಆ ಹಿಡಿಕೆ ರಚನೆಯ ಭಾಗ ಎಂದು ಆ ಕೈಗೆ ಯಾರಾದರೂ ಹೇಳಿದ್ದರೇ? ಭಾರ ಹೊರುವ ಜಾಯಿಂಟಿನ ಡ್ರಾಯಿಂಗ್‌ಗೆ ಹತ್ತು ಸಹಿ, ಅಂಟಿಸುವ ಬ್ರಾಕೆಟ್ಟಿಗೆ ಬಾಯಿಮಾತು ಎನ್ನುವ ಪದ್ಧತಿಯನ್ನು ಹುಟ್ಟಿಸಿದವರು ವೆಲ್ಡರ್‌ಗಳಲ್ಲ. ಎಲ್ಲಿ ವೆಲ್ಡ್ ಕೂಡದು ಎಂಬುದನ್ನು ಡ್ರಾಯಿಂಗ್‌ನಲ್ಲೇ ಕೆಂಪು ಗೆರೆಯಲ್ಲಿ ಗುರುತಿಸಿ. ನಂತರ ಸೇರಿಸಿದ ಪ್ರತಿ ಕ್ಲೀಟನ್ನೂ ಡ್ರಾಯಿಂಗ್‌ಗೆ ಏರಿಸಿ. ಮುಂದೆ ತಪಾಸಣೆಗೆ ಬರುವವನಿಗೆ ಎಲ್ಲಿ ಕಣ್ಣಿಡಬೇಕೆಂದು ಗೊತ್ತಾಗುವುದು ಅದರಿಂದಲೇ.

ಇದನ್ನು ಜಾರಿಗೆ ತರಲು ಹೊಸ ಯಂತ್ರ ಬೇಡ, ಜಾಬ್ ಕಾರ್ಡಿನಲ್ಲಿ ಒಂದು ಸಾಲು ಸಾಕು: “ಡ್ರಾಯಿಂಗ್‌ನಲ್ಲಿ ಇಲ್ಲದ ವೆಲ್ಡ್ ಅಥವಾ ತೂತು, ಜಾಗ, ಒಪ್ಪಿದವರ ಸಹಿ.” ಸಹಿ ಹಾಕಬೇಕಾದವರು ಎಂಜಿನಿಯರ್. ಬಾಯಲ್ಲಿ “ಹೊಡೆದುಬಿಡಪ್ಪ” ಎನ್ನುವಾತ ಪೆನ್ನು ಹಿಡಿದಾಗ ಒಂದು ನಿಮಿಷ ಯೋಚಿಸುತ್ತಾನೆ. ನಮಗೆ ಬೇಕಾದದ್ದು ಆ ಒಂದು ನಿಮಿಷವೇ. ಸಹಿ ಕೇಳಿದರೆ ಕೆಲಸ ತಡವಾಗುತ್ತದೆ ಎಂದು ಗದರಿಸುವವರು ಇರುತ್ತಾರೆ. ಗದರಿಸಲಿ. ಮುರಿದ ಮೇಲೆ ಪೊಲೀಸರು, ಇನ್ಶೂರೆನ್ಸಿನವರು ಮೊದಲು ಹುಡುಕುವುದು ವೆಲ್ಡ್ ಮಾಡಿದವನ ಹೆಸರನ್ನು. ಆಗ ಮಾಡು ಎಂದವನ ಹೆಸರೂ ಪಕ್ಕದಲ್ಲಿರಬೇಕು. ನಾಳೆಯ ಮೊದಲ ಜಾಬಿನಿಂದಲೇ ಆ ಸಹಿ ಕೇಳಿ ಪಡೆಯಿರಿ. ಹೆಲ್ಪರ್ ಹುಡುಗರಿಗೂ ಕೇಳುವುದನ್ನು ಕಲಿಸಿ.

ಇಂತಿ,
ಮುರಿದ ಲೋಹ ಪರೀಕ್ಷಿಸುವ ನಿಮ್ಮ ಗೆಳೆಯ